ವಾರ್‌ಬ್ಯಾಂಡ್: ಹಿಂದಿನಿಂದ ಬರುವ ಪಡೆ ಒಬ್ಬೊಬ್ಬರಾಗಿ ಸಾಯ್ತಿದ್ರೆ

ಮೌಂಟ್ ಅಂಡ್ ಬ್ಲೇಡ್ ವಾರ್‌ಬ್ಯಾಂಡ್ ಅನ್ನೋ ಯುದ್ಧದ ಕಂಪ್ಯೂಟರ್ ಗೇಮ್‌ನಲ್ಲಿ ನಿಮ್ಮ ಕಡೆ 120 ಜನ, ಎದುರಾಳಿ 200. ಗೆದ್ದೆವು ಅನ್ನುವಾಗ ಅವರ ಹೊಸ ಪಡೆ ಬಂದು ಬಡಿಯುತ್ತೆ, ನಿಮ್ಮವರು ಮಾತ್ರ ಒಬ್ಬೊಬ್ಬರಾಗಿ ಬಂದು ಸಾಯ್ತಾರೆ, ಅಲ್ವಾ? ಮಡಿಕೇರಿಯ ಒಂದಿಡೀ ಮಳೆಗಾಲ ನಾನೂ ಹೀಗೇ ಸೋತವನು. ಕರೆಂಟ್ ಹೋಗಿ ಸೋತದ್ದು ಬೇರೆ ಲೆಕ್ಕ.

ಈ ಗೇಮ್‌ನಲ್ಲಿ ಬ್ಯಾಟಲ್ ಸೈಜ್, ಅಂದ್ರೆ ಒಂದೇ ಸಲಕ್ಕೆ ಮೈದಾನದಲ್ಲಿ ಇರಬಹುದಾದ ಜನ, ಜಾಸ್ತಿ ಅಂದ್ರೆ 150. ಎರಡೂ ಕಡೆಯವರು ಸೇರಿ ಅಷ್ಟೇ. ಉಳಿದವರು ಹೊರಗೆ ಕಾಯ್ತಾರೆ, ನಮ್ಮ ಕೊಡವ ಹಾಕಿಯಲ್ಲಿ ಬೆಂಚಿನ ಮೇಲೆ ಕೂತವರ ಹಾಗೆ. ಯಾರು ಮೊದಲು ಇಳಿಯಬೇಕು ಅನ್ನೋದು ಪಾರ್ಟಿ ಪಟ್ಟಿಯ (ನಿಮ್ಮ ಪಡೆಯವರ ಪಟ್ಟಿ) ಕ್ರಮದ ಮೇಲೆ. ಮೇಲಿದ್ದವರು ಮೊದಲು. ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿ ನಿನ್ನೆ ಸೇರಿದ ರೈತ ಹುಡುಗರಿದ್ದಾರಾ? ಕೆಳಗೆ ತಳ್ಳಿ. ಒಳ್ಳೆ ಬಿಲ್ಲುಗಾರರನ್ನು, ಗಟ್ಟಿ ಕಾಲಾಳುಗಳನ್ನು ಮೇಲಕ್ಕೆ ತನ್ನಿ.

ಇನ್ನೊಂದು, ಇದೇ ಮುಖ್ಯ. ನೀವು ಎದ್ದುಬಿದ್ದು ಮುಂದಕ್ಕೆ ಓಡ್ತೀರಿ ಅನ್ಸುತ್ತೆ. ಹೊಸಬರು ಇಳಿಯೋದು ಆಯಾ ಕಡೆಯ ಅಂಚಿನಲ್ಲಿ. ಎದುರಾಳಿಯ ಅಂಚಿಗೆ ಹೋದಷ್ಟೂ ಅವರವರು ಎರಡು ಹೆಜ್ಜೆಯಲ್ಲಿ ಸೇರ್ತಾರೆ, ನಿಮ್ಮವರು ಮೈದಾನ ಪೂರ್ತಿ ನಡೀಬೇಕು. ಅದಕ್ಕೇ ನಿಮ್ಮ ಅಂಚಿನ ಹತ್ತಿರದ ದಿಬ್ಬ ಹಿಡಿದು, ಎಫ್1 ಕೀ ಎರಡು ಸಲ ಒತ್ತಿ ಎಲ್ಲರನ್ನೂ ಅಲ್ಲೇ ನಿಲ್ಲಿಸಿ. ಈಗ ದೂರ ನಡೆದು, ಚದುರಿ ಬರೋದು ಅವರ ಪಾಡು. ಕುದುರೆಯವರನ್ನು ಮಾತ್ರ ಬೇರೆ ಇಟ್ಟುಕೊಳ್ಳಿ, ಚದುರಿದವರ ಮೇಲೆ ಬಿಡೋದಕ್ಕೆ.

ಟ್ಯಾಕ್ಟಿಕ್ಸ್ (ಯುದ್ಧತಂತ್ರ) ಕೌಶಲ್ಯ ಇರುವ ಸಂಗಾತಿ ಇದ್ದರೆ ಶುರುವಿನಲ್ಲೇ ಮೈದಾನದಲ್ಲಿ ನಿಮ್ಮವರ ಪಾಲು ಸ್ವಲ್ಪ ಜಾಸ್ತಿ ಸಿಗುತ್ತೆ. ನೀವು ಮಾತ್ರ ಸುಮ್ನೆ ಮುಂದೆ ನುಗ್ಗಿ ಬಿದ್ದುಬಿಡಬೇಡಿ.