ಡಿವಿಡಿ ಪ್ಲೇಯರ್‌ನಲ್ಲಿ ಓಡುವ ಹಳೆಯ ಮದುವೆ ವಿಡಿಯೋವನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವುದು ಹೇಗೆ?

ಮೊದಲು ಡಿಸ್ಕನ್ನೇ ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ಗೆ ಹಾಕಿ ನೋಡಿ. ವಿಒಬಿ (VOB, ಡಿವಿಡಿಯ ವಿಡಿಯೋ ಇರುವ) ಫೈಲುಗಳು ಕಂಡರೆ ಸುಮ್ನೆ ಕಾಪಿ ಮಾಡಿಕೊಳ್ಳಿ. ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇರುವುದಿಲ್ಲ, ಅಲ್ವಾ? ಯಾರದಾದರೂ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದು ದಿನಕ್ಕೆ ಕೇಳಿ ತನ್ನಿ.

ಡ್ರೈವ್ ಸಿಗಲಿಲ್ಲ, ಇಲ್ಲವೇ ಡಿಸ್ಕ್ ಪ್ಲೇಯರ್‌ನಲ್ಲಿ ಮಾತ್ರ ಓಡುತ್ತದೆ ಎಂದಾದರೆ ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಸಾಧನ ಬೇಕು. ಇದು ಪ್ಲೇಯರ್‌ನಿಂದ ಬರುವ ಚಿತ್ರ, ಶಬ್ದವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕಳಿಸುತ್ತದೆ. ಪ್ಲೇಯರ್‌ನ ಹಿಂದಿನ ಹಳದಿ ಪಿನ್ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಶಬ್ದಕ್ಕೆ. ಆ ಮೂರನ್ನೂ ಸಾಧನಕ್ಕೆ ಸಿಕ್ಕಿಸಿ. ರೆಕಾರ್ಡ್ ಮಾಡಲು ಉಚಿತವಾದ ಒಬಿಎಸ್ ಸ್ಟುಡಿಯೋ ತಂತ್ರಾಂಶ ಸಾಕು. ನಮ್ಮ ಕಡೆಯ ಮದುವೆ ಡಿಸ್ಕ್‌ಗಳು ಸಾಮಾನ್ಯವಾಗಿ ಪಾಲ್ (PAL, ಭಾರತದಲ್ಲಿ ಬಳಸುತ್ತಿದ್ದ ಟಿವಿ ಮಾನದಂಡ) ಪದ್ಧತಿಯವು. ಹಾಗಾಗಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇಡಿ. ಡಿಇಂಟರ್‌ಲೇಸಿಂಗ್ (ಬಿಡಿಬಿಡಿ ಗೆರೆಗಳ ಚಿತ್ರವನ್ನು ಒಂದಾಗಿಸುವ ಆಯ್ಕೆ) ಆನ್ ಮಾಡಿ, ಇಲ್ಲದಿದ್ದರೆ ಯಾರಾದರೂ ಅಲುಗಾಡಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ.

ಎರಡು ಗಂಟೆಯ ವಿಡಿಯೋಗೆ ಎರಡು ಗಂಟೆಯೇ ಹಿಡಿಯುತ್ತದೆ. ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ನಾನು ಆಡಿಯೋ ಆಯ್ಕೆ ಮರೆತು ಇಡೀ ಆರತಕ್ಷತೆಯನ್ನು ಮೂಕಿ ಮಾಡಿದ್ದೆ!

ಅಂಗಡಿಯ ಸಿನಿಮಾ ಡಿಸ್ಕ್‌ಗಳ ವಿಷಯ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾಪಿ ತಡೆ ಇರುತ್ತದೆ.