ಫ್ರೀಜರಿನಲ್ಲಿ ವರ್ಷವಿಡೀ ಅವರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಂದವರು ನಲವತ್ತೆಂಟರ ಗೃಹಿಣಿ. ತವರು ಕೋಲಾರದ ಕಡೆ, ಈಗ ಬೆಂಗಳೂರು. "ಮೇಡಂ, ಇದಕ್ಕೆಲ್ಲ ಇಲ್ಲಿಗೆ ಬರ್ತಾರಾ ಅಂತ ನಗಬೇಡಿ. ಮೊನ್ನೆ ಅವರೆಕಾಳಿನ ಹಿತಕಬೇಳೆ ಸಾರು ಮಾಡಿದೆ. ಏನೂ ಅನಿಸಲಿಲ್ಲ. ಅಮ್ಮನ ಮನೇಲಿ ಆ ಸಾರಿಗೆ ಜಗಳ ಆಡ್ತಿದ್ವಿ. ವಯಸ್ಸಾಯ್ತಾ ನನಗೆ?"

ನಗುವ ವಿಷಯವಲ್ಲ. ಇಷ್ಟವಾದದ್ದು ರುಚಿಸದಿದ್ದರೆ ಮೊದಲು ಖಿನ್ನತೆ ಇದೆಯಾ ಅಂತ ನೋಡಬೇಕು. ನಿದ್ದೆ, ಹಸಿವು, ಉತ್ಸಾಹ ಎಲ್ಲ ವಿಚಾರಿಸಿದೆ, ಸರಿಯಾಗೇ ಇತ್ತು. ಓದುವವರಿಗೂ ಒಂದು ಮಾತು: ಎರಡು ವಾರಕ್ಕೂ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮುಂದಿನ ಸಲಹೆ ನಿಮಗಲ್ಲ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಆಮೇಲೆ ಫ್ರಿಜ್ ವಿಷಯ ಕೇಳಿದೆ. ಫ್ರೀಜರ್ ತುಂಬ ಹಿತಕಬೇಳೆ ಪೊಟ್ಟಣ! ಮೇ ತಿಂಗಳಲ್ಲಿ ಉಪ್ಪಿಟ್ಟಿಗೆ, ಆಗಸ್ಟ್‌ನಲ್ಲಿ ಅಕ್ಕಿರೊಟ್ಟಿಗೆ. ಖಾಲಿಯಾದರೆ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ನಾಟಿ ಅವರೆ ಹಗಲು ಚಿಕ್ಕದಾದಾಗಷ್ಟೇ ಹೂ ಬಿಡುತ್ತದೆ. ಬೆಂಗಳೂರು ಕೃಷಿ ವಿವಿಯ ಹೆಬ್ಬಾಳ ಅವರೆ 3, 4 ತಳಿಗಳಿಗೆ ಆ ಹಂಗಿಲ್ಲ, ಬೇರೆ ಕಾಲದಲ್ಲೂ ಕಾಯಿ ಬಿಡುತ್ತವೆ. ರೈತರಿಗೆ ಒಳ್ಳೆಯದೇ. ಇವರ ನಾಲಿಗೆಗೆ ಮಾತ್ರ ಕಾಯುವ ಕೆಲಸವೇ ತಪ್ಪಿಹೋಗಿತ್ತು.

ಜೋರ್ಡಿ ಕ್ವಾಡ್‌ಬಾಕ್, ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಒಂದು ವಾರ ಚಾಕೊಲೇಟ್ ಬಿಟ್ಟವರಿಗೆ ಆಮೇಲೆ ತಿಂದ ಚಾಕೊಲೇಟ್ ಉಳಿದವರಿಗಿಂತ ಹೆಚ್ಚು ಹಿಡಿಸಿತ್ತು.

"ನಮ್ಮತ್ತೆ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ಬಿಡ್ತಾರಲ್ಲ? ತರಕಾರಿ, ಮೊಸರು, ಹಾಲು, ಬೇಳೆ. ಅದೂ ಇದೇನಾ?"

"ವ್ರತದ ಉದ್ದೇಶ ಬೇರೆ. ಆದರೆ ವ್ರತ ಮುಗಿದ ಮೇಲೆ ಅವರು ಮೊದಲ ತೊವ್ವೆ ಹೇಗೆ ಉಣ್ತಾರೆ, ನೋಡಿದ್ದೀರಾ?" ಜೋರಾಗಿ ನಕ್ಕರು.

ನಾನು ಹೇಳಿದ್ದು ಇಷ್ಟು. ಇರುವ ಪೊಟ್ಟಣಗಳನ್ನು ಯುಗಾದಿಯೊಳಗೆ ಮುಗಿಸಿ, ಎಸೆಯಬೇಡಿ. ಆಮೇಲೆ ಧನುರ್ಮಾಸದವರೆಗೆ ಅವರೆ ಬೇಡ. ಅದೊಂದೇ, ಬೇರೇನೂ ಬಿಡಬೇಡಿ. ಮನೆಯವರಿಗೆ ಬಲವಂತ ಮಾಡಬೇಡಿ. ಯಾರ ಮನೆಯಲ್ಲಾದರೂ ಬಡಿಸಿದರೆ ಸುಮ್ನೆ ತಿನ್ನಿ, ವ್ರತಭಂಗ ಅಂತ ಕೊರಗಬೇಡಿ. ಸೀಸನ್ ಬಂದಾಗ ಬಿಡಿಸಿಟ್ಟ ಕಾಳು ತರಬೇಡಿ, ಕಾಯೇ ತನ್ನಿ. ಸೊಗಡು ಇರುವುದು ಸಿಪ್ಪೆಯ ಮೇಲಿನ ಆ ಅಂಟಂಟು ಎಣ್ಣೆಯಲ್ಲಿ. ಸುಲಿದ ಮೇಲೆ ಬೆರಳು ಮೂಸಿ ನೋಡಿ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಕೂತು ನೀವೇ ಹಿತುಕಿ. ಅರ್ಧ ಬೇಳೆ ಪಾತ್ರೆಯಾಚೆ ಹಾರಿದರೂ ಪರವಾಗಿಲ್ಲ!

ಮುಂದಿನ ಜನವರಿಯಲ್ಲಿ ಮತ್ತೆ ಬಂದರು. ನವೆಂಬರಿನಲ್ಲೇ ಗಂಡ ಎಳೆ ಕಾಯಿ ತಂದಿದ್ದರಂತೆ. ಇವರು ಮೂಸಿ, "ಸೊಗಡೇ ಇಲ್ಲ, ಪಕ್ಕದ ಮನೆಗೆ ಕೊಡಿ" ಅಂದರಂತೆ. ಚಳಿ ಬಿದ್ದ ಮೇಲೆ ಮಾಡಿದ ಮೊದಲ ಸಾರಿಗೆ ಇವರೇ ಎರಡು ಸಲ ಬಡಿಸಿಕೊಂಡರು. ಮೂರನೇ ವಾರಕ್ಕೆ ಮತ್ತೆ ಮಾಮೂಲಿ ಅನಿಸತೊಡಗಿತು, ಅದನ್ನೂ ಮುಚ್ಚಿಡದೆ ಹೇಳಿದರು. ದಿನಾ ಮಾಡಿದರೆ ಹಾಗೇ ಅಲ್ವಾ? ಸೀಸನ್ನಿನಲ್ಲೂ ವಾರಕ್ಕೊಮ್ಮೆ ಸಾಕು ಅಂದೆ.

ಈಗ ಫ್ರೀಜರಿನಲ್ಲಿರುವ ಮಾವಿನ ರಸಾಯನದ ಡಬ್ಬಿಗಳನ್ನೂ ಬಿಡಲಾ ಅಂತ ಕೇಳುತ್ತಿದ್ದಾರೆ. ಈ ವರ್ಷಕ್ಕೆ ಅವರೆ ಒಂದೇ ಸಾಕು ಅಂದಿದ್ದೇನೆ. ಮಾವಿಗೂ ಕೈ ಹಾಕಿದರೆ ಅವರ ಮಗ ನನ್ನ ಮೇಲೇ ಜಗಳಕ್ಕೆ ಬರುತ್ತಾನೆ.