ರಕ್ತನಾಳದ ಪಕ್ಕದ ಗೆಡ್ಡೆ ಪೂರ್ತಿ ಸುಡುವುದಿಲ್ಲವೇಕೆ?

ಪ್ರಶ್ನೆ: ನಮ್ಮ ತಂದೆಯವರ ಲಿವರಿನಲ್ಲಿ ಎರಡೂವರೆ ಸೆಂಟಿಮೀಟರಿನ ಕ್ಯಾನ್ಸರ್ ಗೆಡ್ಡೆಯಿದೆ. ಸೂಜಿ ತೂರಿಸಿ ಶಾಖದಿಂದ ಸುಡಬಹುದಾದರೂ, ಪಕ್ಕದಲ್ಲೇ ದೊಡ್ಡ ರಕ್ತನಾಳವಿರುವುದರಿಂದ ಸ್ವಲ್ಪ ಭಾಗ ಉಳಿದೀತು ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದರು. ನಾಳ ಸುಟ್ಟೀತೆಂಬ ಭಯವಾದರೆ ಅರ್ಥವಾಗುತ್ತಿತ್ತು, ಗೆಡ್ಡೆ ಉಳಿಯುವುದೇಕೆ?
— ಓದುಗರೊಬ್ಬರು, ಶಿರಸಿ

ಉತ್ತರ: ನಾಳ ಸುಡದಿರುವುದಕ್ಕೂ ಗೆಡ್ಡೆ ಉಳಿಯುವುದಕ್ಕೂ ಕಾರಣ ಒಂದೇ. ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. 37 ಡಿಗ್ರಿಯ ಆ ರಕ್ತ ಎಡೆಬಿಡದೆ ಹರಿಯುತ್ತ, ಸೂಜಿ ಕೊಟ್ಟ ಶಾಖವನ್ನು ಹೊತ್ತೊಯ್ಯುತ್ತದೆ. ನಿಮ್ಮೂರಿನ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಒಂದು ಮಗ್ಗುಲಿಗೆ ತಣ್ಣೀರು ಸದಾ ಹರಿಯುತ್ತಿದ್ದರೆ, ಎಷ್ಟೇ ಉರಿ ಹಾಕಿದರೂ ಆ ಮಗ್ಗುಲಿನ ಕಬ್ಬಿನ ಹಾಲು ಕಾಯಲು ತಡವಾಗುತ್ತದೆಯಷ್ಟೆ.

ಜೀವಕೋಶಗಳು 60 ಡಿಗ್ರಿ ದಾಟಿದರೆ ಬಹುತೇಕ ತಕ್ಷಣ ಸಾಯುತ್ತವೆ, 50 ಡಿಗ್ರಿಯಲ್ಲಿ ಕೆಲವು ನಿಮಿಷ ಬೇಕು. ರೇಡಿಯೋ ತರಂಗದ ವಿಧಾನದಲ್ಲಿ ವಿದ್ಯುತ್ ನೇರವಾಗಿ ಬಿಸಿ ಹುಟ್ಟಿಸುವುದು ಸೂಜಿಯ ತುದಿಯ ಸುತ್ತ ಮಾತ್ರ. ಅಲ್ಲಿಂದಾಚೆಗೆ ಶಾಖ ಮಾಂಸದೊಳಗೆ ನಿಧಾನವಾಗಿ ಹಬ್ಬಬೇಕು. ಹೀಗೆ ದುರ್ಬಲವಾದ ಅಂಚಿನಲ್ಲೇ ಮೂರು ಮಿಲಿಮೀಟರಿಗಿಂತ ದಪ್ಪ ನಾಳವೊಂದು ಹಾದುಹೋದರೆ, ಅದರ ಗೋಡೆಗೆ ಅಂಟಿಕೊಂಡ ಕೋಶಗಳ ಪದರ ಬದುಕುಳಿದು ಅಲ್ಲಿಂದಲೇ ರೋಗ ಮರುಕಳಿಸಬಹುದು. ಶಕ್ತಿ ಹೆಚ್ಚಿಸಿದರಾಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ, ಆದರೆ 100 ಡಿಗ್ರಿ ಮೀರಿದರೆ ಸೂಜಿಯ ಸುತ್ತಲಿನ ಮಾಂಸ ಕರಕಲಾಗಿ, ನೀರು ಆವಿಯಾಗಿ, ವಿದ್ಯುತ್ತೇ ಮುಂದೆ ಹರಿಯದಂತಾಗುತ್ತದೆ.

ಮೈಕ್ರೋವೇವ್ ವಿಧಾನ ಹೆಚ್ಚು ವಿಸ್ತಾರವನ್ನು ಬೇಗನೆ ಕಾಯಿಸುವುದರಿಂದ ಈ ತಂಪಿಗೆ ಕಡಿಮೆ ಬಗ್ಗುತ್ತದೆ. ಪೂರ್ತಿ ಬಗ್ಗುವುದೇ ಇಲ್ಲವೆನ್ನಲಾಗದು. ರಕ್ತದ ಹರಿವನ್ನೇ ಸ್ವಲ್ಪ ಹೊತ್ತು ತಡೆಯುವ ದಾರಿಯೂ ಇದೆ. ಲಿವರಿಗೆ ಹೋಗುವ ನಾಳಗಳನ್ನು ಹಿಡಿದು ರಕ್ತಸ್ರಾವ ನಿಲ್ಲಿಸುವ ಕ್ರಮವನ್ನು ಗ್ಲ್ಯಾಸ್ಗೊದ ಶಸ್ತ್ರವೈದ್ಯ ಪ್ರಿಂಗಲ್ 1908ರಲ್ಲಿ ವಿವರಿಸಿದ್ದರು. ಅದೇ ತತ್ತ್ವ ಇಲ್ಲಿಯೂ ನಡೆಯುತ್ತದೆ. ಆದರೆ ಹರಿವು ನಿಂತಾಗ ನಾಳಕ್ಕಿದ್ದ ರಕ್ಷಣೆಯೂ ಹೋಗಿ ಒಳಗೆ ರಕ್ತ ಹೆಪ್ಪುಗಟ್ಟುವ, ಪಕ್ಕದ ಪಿತ್ತನಾಳಕ್ಕೆ ಸುಟ್ಟಗಾಯವಾಗುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಅದನ್ನು ಎಲ್ಲರಿಗೂ ಮಾಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಗೆಡ್ಡೆಯ ಸುತ್ತ 5ರಿಂದ 10 ಮಿಲಿಮೀಟರ್ ಆರೋಗ್ಯವಂತ ಭಾಗವೂ ಸುಡುವಂತೆ ನೋಡಿಕೊಳ್ಳುವುದು ರೂಢಿ. ನಾಳ ಎಷ್ಟು ದಪ್ಪ, ಗೆಡ್ಡೆಗೆ ತಾಗಿದೆಯೇ, ಆ ಬದಿಯಲ್ಲಿ ಅಷ್ಟು ಅಂಚು ಸಿಗುತ್ತದೆಯೇ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಸುಟ್ಟ ನಂತರ ಸಾಮಾನ್ಯವಾಗಿ ತಿಂಗಳೊಳಗೆ ಬಣ್ಣದ ಔಷಧ ಕೊಟ್ಟು ಮಾಡುವ ಸ್ಕ್ಯಾನನ್ನು ತಪ್ಪಿಸಬಾರದು. ನಾಳದ ಬದಿಯಲ್ಲಿ ಜೀವಂತ ಭಾಗ ಕಂಡರೆ ಹಲವು ಸಂದರ್ಭಗಳಲ್ಲಿ ಮತ್ತೊಮ್ಮೆ ಸುಡಬಹುದು.